ಕಪಾಟಿಗೆ ಅಂಟಿದ ಪುಟ

ಕೋವಿ ಅಂಗಡಿಯ ರಿಪೇರಿ ಮೇಜಿನ ಹಿಂದೆ ನಾನು ಮೂವತ್ತನಾಲ್ಕು ವರ್ಷ ಕೂತೆ. ಗಿರಾಕಿಗಳು ನನ್ನನ್ನು ಮೋನಾಕ ಎಂದು ಕರೆಯುತ್ತಿದ್ದರು. ಈಗ ಆ ಮೇಜಿಗೆ ಇಬ್ಬರು ಹೊಸಬರು ಬಂದಿದ್ದಾರೆ. ಇಬ್ಬರೂ ಐಟಿಐ ಮುಗಿಸಿದವರು, ಲೇತ್ ಕೆಲಸ ನನಗಿಂತ ಚೆನ್ನಾಗಿ ಬಲ್ಲವರು. ಅಂಗಡಿಯನ್ನು ಈಗ ನಡೆಸುತ್ತಿರುವ ಧಣಿಗಳ ಮಗಳು ಉಳ್ಳಾಲದ ನನ್ನ ಮನೆಗೆ ಬಂದು, ಅವರಿಗಾಗಿ ನಿಮ್ಮ ಅನುಭವ ಬರೆದುಕೊಡಿ ಎಂದರು. ಎಂತ ಬರೆಯುವುದು ಎಂದು ಕೇಳಿದೆ. ಒಳ್ಳೆಯದನ್ನೆಲ್ಲ ಬರೆಯಿರಿ ಎಂದರು. ಒಳ್ಳೆಯದನ್ನು ಬರೆದರೆ ಅರ್ಧ ಪುಟಕ್ಕೆ ಮುಗಿಯುತ್ತದೆ. ಹಾಗಾಗಿ ಉಳಿದದ್ದನ್ನು ಬರೆಯುತ್ತಿದ್ದೇನೆ.

ಮುಖ್ಯವಾಗಿ ಒಂದು ಕಾಗದದ ವಿಷಯ ಬರೆಯಬೇಕು. ಕೇಪಿನ ಕೋವಿಯನ್ನು ಹೇಗೆ ಬಳಸಬೇಕು ಎಂದು ತಿಳಿಸುವ ಸೂಚನೆ ಕಾಗದ. ಅದನ್ನು ಕನ್ನಡಕ್ಕೆ ತಂದವನು ನಾನು. ಆ ಕಾಗದವನ್ನು ಅಕ್ಷರಕ್ಕೆ ಅಕ್ಷರ ನಂಬಿ ಒಬ್ಬ ಮನುಷ್ಯ ಒಂದು ಬೆಳಿಗ್ಗೆ ಕೋವಿ ತುಂಬಿಸಿ ತೋಟಕ್ಕೆ ಹೋದರು. ಅದನ್ನು ಬಿಟ್ಟು ನಾನು ಬೇರೆ ಏನು ಬರೆದರೂ ಅರ್ಧ ಸುಳ್ಳಾಗುತ್ತದೆ.

ಕೇಪಿನ ಕೋವಿ ಎಂದರೆ ಬಾಯಿಯಿಂದ ತುಂಬುವ ಕೋವಿ. ಮದ್ದು, ಅದನ್ನು ಒತ್ತಿ ಹಿಡಿಯಲು ತೆಂಗಿನ ನಾರು, ಬೇಕಿದ್ದರೆ ಸೀಸದ ಚರೆ, ಎಲ್ಲವೂ ನಳಿಗೆಯ ಬಾಯಿಯಿಂದಲೇ ಒಳಗೆ ಹೋಗಬೇಕು. ಗಜ ಎನ್ನುವ ಉದ್ದನೆಯ ಕೋಲಿನಿಂದ ಅದನ್ನು ತಳಕ್ಕೆ ಒತ್ತುತ್ತಾರೆ. ಹಿಂಬದಿಯ ಸಣ್ಣ ಮೂತಿಗೆ ತಾಮ್ರದ ಕೇಪು ಸಿಕ್ಕಿಸುತ್ತಾರೆ. ಕುದುರೆ ಎನ್ನುವ ಸುತ್ತಿಗೆಯಂಥ ಕೊಕ್ಕೆ ಬಂದು ಕೇಪಿನ ಮೇಲೆ ಹೊಡೆದರೆ ಕಿಡಿ ಒಳಗೆ ಹೋಗುತ್ತದೆ. ತೋಟೆ, ಅಂದರೆ ಕಾಡತೂಸು ಹಾಕುವ ಕೋವಿಯನ್ನಾದರೆ ಮಡಚಿ ನೋಡಬಹುದು, ಒಳಗೆ ತೋಟೆ ಉಂಟೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಕೇಪಿನ ಕೋವಿ ಮಡಚುವುದಿಲ್ಲ. ತುಂಬಿದ ಕೋವಿ, ಖಾಲಿ ಕೋವಿ ಎರಡೂ ಗೋಡೆಯಲ್ಲಿ ಒಂದೇ ತರ ತೂಗುತ್ತಿರುತ್ತವೆ. ಕೈಯಲ್ಲಿ ಎತ್ತಿದರೂ ಗೊತ್ತಾಗುವುದಿಲ್ಲ. ಹತ್ತು ವರ್ಷ ತುಂಬಿಯೇ ಇದ್ದರೂ ಅದು ಹೊರಗಿನವರಿಗೆ ಏನೂ ತಿಳಿಸುವುದಿಲ್ಲ.

ನನಗೆ ಕೆಲಸ ಕಲಿಸಿದವರು ಲಾದ್ರು ಪೊರ್ಬುಗಳು. ಬೆಂದೂರಿನಿಂದ ನಡೆದೇ ಹಂಪನಕಟ್ಟೆಯ ನಮ್ಮ ಅಂಗಡಿಗೆ ಬರುತ್ತಿದ್ದ ಸಣಕಲು ಮನುಷ್ಯ. ಅವರ ಎಡಗಿವಿ ಕೇಳುತ್ತಿರಲಿಲ್ಲ. ಮೊದಲ ದಿನ ಅವರು ನನ್ನ ಕೈಗೆ ಅರ ಕೊಡಲಿಲ್ಲ, ಸುತ್ತಿಗೆ ಕೊಡಲಿಲ್ಲ. ಒಂದು ಗಜ ಕೊಟ್ಟು, ಎರಡು ಕೋವಿಗಳನ್ನು ಗೋಡೆಗೆ ಒರಗಿಸಿ, ಎರಡಕ್ಕೂ ಇಳಿಸು ಎಂದರು. ಒಂದರಲ್ಲಿ ಗಜ ತಳ ಮುಟ್ಟಿ ಠಣ್ ಎಂದಿತು. ಇನ್ನೊಂದರಲ್ಲಿ ಗೇಣಿನಷ್ಟು ಮೇಲೆಯೇ ನಿಂತು ದಬ್ ಎಂದಿತು, ಒದ್ದೆ ಗೋಣಿಗೆ ಗುದ್ದಿದ ಹಾಗೆ. ಗಜ ನಿಂತಲ್ಲಿ ಉಗುರಿನಿಂದ ಗುರುತು ಹಿಡಿ, ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಇಟ್ಟು ನೋಡು, ಎಷ್ಟು ಗಿಡ್ಡ ಆಯಿತೋ ಅಷ್ಟು ಸಾಮಾನು ಒಳಗೆ ಉಂಟು ಎಂದು ತೋರಿಸಿದರು. ಆಮೇಲೆ ಮೂರು ತಿಂಗಳು ನನಗೆ ಅದೇ ಕೆಲಸ. ಅಂಗಡಿಯ ಮೆಟ್ಟಿಲು ಹತ್ತಿ ಬಂದ ಪ್ರತಿ ಕೋವಿಗೆ ಗಜ ಇಳಿಸುವುದು.

ಚುನಾವಣೆ ಬಂದಾಗ ಲೈಸೆನ್ಸು ಇರುವವರೆಲ್ಲ ಕೋವಿಗಳನ್ನು ತಂದು ಒಪ್ಪಿಸಬೇಕು. ಕೆಲವರು ಪೊಲೀಸ್ ಸ್ಟೇಷನ್ನಿನಲ್ಲಿ ಇಡುತ್ತಾರೆ. ನಮ್ಮಲ್ಲಿ ಕೊಂಡವರು ನಮ್ಮಲ್ಲಿಯೇ ಇಡುವುದು ವಾಡಿಕೆ. ಮಾಳಿಗೆಯ ಕೋಣೆಯಲ್ಲಿ ಗೋಡೆಯುದ್ದಕ್ಕೂ ಬಾಯಿ ಮೇಲೆ ಮಾಡಿ ನಿಲ್ಲಿಸಿ, ಪ್ರತಿಯೊಂದರ ಕುತ್ತಿಗೆಗೆ ಚೀಟಿ ಕಟ್ಟುತ್ತಿದ್ದೆವು. ನಾನು ಸೇರಿದ ಮೇಲೆ ಬಂದ ಮೊದಲ ಚುನಾವಣೆಯಲ್ಲಿ ನೂರಕ್ಕೆ ಹತ್ತಿರ ಕೋವಿಗಳು ಆ ಕೋಣೆಯಲ್ಲಿದ್ದವು. ಒಂದು ಮಧ್ಯಾಹ್ನ ಚೀಟಿ ಬರೆಯಲು ಒಬ್ಬನೇ ಮೇಲೆ ಹೋಗಿದ್ದೆ. ಪಡುವಣ ಕಿಟಕಿ ತೆರೆದಿತ್ತು, ಕಡಲ ಗಾಳಿ ಬರುತ್ತಿತ್ತು. ಕೋಣೆಯಲ್ಲಿ ಯಾರೋ ನರಳಿದ ಹಾಗೆ ಕೇಳಿತು. ಒಬ್ಬರಲ್ಲ, ತುಂಬಾ ಜನ, ಬಾಯಿ ಮುಚ್ಚಿಕೊಂಡು, ಒಂದೇ ಉಸಿರಿನಲ್ಲಿ. ಗಾಳಿ ನಿಂತರೆ ಅವರೂ ನಿಲ್ಲುತ್ತಿದ್ದರು.

ಕೆಳಗೆ ಬಂದು, ಮೇಲೆ ಯಾರೋ ಇದ್ದಾರೆ ಎಂದೆ. ಪೊರ್ಬುಗಳು ನಕ್ಕರು.

"ಯಾರೂ ಇಲ್ಲ ಮಾರಾಯ, ಕೋವಿಗಳೇ. ಖಾಲಿ ಬಾಟ್ಲಿಯ ಬಾಯಿಗೆ ಊದ್ಲಿಲ್ವಾ ನೀನು ಸಣ್ಣದಿರುವಾಗ?"

ನನ್ನ ಮುಖ ನೋಡಿ ಅವರಿಗೇ ಪಾಪ ಕಂಡಿರಬೇಕು, ಬಾ ತೋರಿಸ್ತೇನೆ ಎಂದು ಜೊತೆಗೆ ಬಂದರು. ಬಾಗಿಲಲ್ಲಿ ನಿಂತು ಕೇಳುವ ಕಿವಿಯನ್ನು ಕೋಣೆಯ ಕಡೆಗೆ ತಿರುಗಿಸಿದರು. ಸ್ವಲ್ಪ ಹೊತ್ತು ಹಾಗೆಯೇ ನಿಂತರು. ನಗು ಹೋಯಿತು.

"ಒಂದು ಸಪೂರ ಹಾಡ್ತಾ ಉಂಟು," ಎಂದರು.

ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ಕೇಳಿತು. ಆ ದಪ್ಪ ಸ್ವರಗಳ ನಡುವೆ ಒಂದು ತೆಳು ಸ್ವರ, ಸ್ವಲ್ಪ ಮೇಲೆ. ತುಂಬಿದ ನಳಿಗೆಯ ಒಳಗೆ ಖಾಲಿ ಜಾಗ ಗಿಡ್ಡ, ಹಾಗಾಗಿ ಸ್ವರ ಏರುತ್ತದೆ. ಪೊರ್ಬುಗಳು ಗೋಡೆಯ ಉದ್ದಕ್ಕೆ ನಡೆಯುತ್ತ ಒಂದೊಂದರ ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆಗೆದರು. ಮೂಲೆಯಿಂದ ನಾಲ್ಕನೆಯದರ ಮೇಲೆ ಕೈ ಇಟ್ಟಾಗ ತೆಳು ಸ್ವರ ನಿಂತಿತು. ಗಜ ಇಳಿಸಿದೆವು. ದಬ್. ಅದರ ಮೂತಿಯಲ್ಲಿ ಕೇಪು ಕೂಡ ಇತ್ತು. ಪೊರ್ಬುಗಳು ಚರ್ಚಿನ ಪೂಜೆಗೆ ಹೋಗಿದ್ದ ಒಂದು ಭಾನುವಾರ ಧಣಿಗಳೇ ಅದನ್ನು ತೆಗೆದುಕೊಂಡು ಹಾಗೆಯೇ ನಿಲ್ಲಿಸಿದ್ದರು. ಪೊರ್ಬುಗಳು ತಮ್ಮ ಅಂಗೈಯನ್ನು ನೋಡಿಕೊಂಡರು. ನಾನೀಗ ಮಾಡಿದ್ದನ್ನು ನೀನು ಯಾವತ್ತೂ ಮಾಡಬಾರದು ಎಂದರು.

ಧಣಿಗಳ ಬಗ್ಗೆಯೂ ಹೇಳಬೇಕು. ಕೆಟ್ಟವರಲ್ಲ. ವ್ಯಾಪಾರ ಅವರಿಗೆ ಉಸಿರು. ಹೊಸ ಕೇಪಿನ ಕೋವಿಗಳ ಜೊತೆ ಕಾರ್ಖಾನೆಯಿಂದ ಒಂದೊಂದು ಇಂಗ್ಲಿಷ್ ಸೂಚನೆ ಕಾಗದ ಬರುತ್ತಿತ್ತು. ಧಣಿಗಳು ಅದನ್ನು ತೆಗೆದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದರು. ಯಾಕೆ ಕೊಡುವುದಿಲ್ಲ ಎಂದು ಕೇಳಿದರೆ, ಓದಿದರೆ ಹೆದರುತ್ತಾರೆ, ಹೆದರಿದರೆ ಕೊಂಡುಕೊಳ್ಳುವುದಿಲ್ಲ ಎನ್ನುತ್ತಿದ್ದರು. ಕೊಂಡವರಿಗೂ ಕಾಗದ ಬೇಕಾಗಿರಲಿಲ್ಲ. ಅಜ್ಜ ಹಿಡಿದ ಕೋವಿ, ಅಪ್ಪ ಹಿಡಿದ ಕೋವಿ, ಇದರಲ್ಲಿ ಓದುವುದು ಎಂತ ಉಂಟು ಎನ್ನುವವರೇ ಎಲ್ಲರೂ.

ಬಜಪೆ ಕಡೆಯ ಒಬ್ಬರು ಒಂದು ದಿನ ಬಂದು, ಗಜ ಒಂದು ಮಾತ್ರ ಬೇಕಿತ್ತು ಎಂದರು. ಹಳೆಯದು ಎಲ್ಲಿ ಎಂದು ಕೇಳಿದೆ. ಪಕ್ಕದ ಮನೆಯ ಹಲಸಿನ ಮರದಲ್ಲಿ ಉಂಟು ಎಂದರು. ಮದ್ದು ಒತ್ತಿದ ಮೇಲೆ ಗಜವನ್ನು ನಳಿಗೆಯಿಂದ ತೆಗೆಯಲು ಮರೆತು ಕುದುರೆ ಬಿಟ್ಟಿದ್ದರು. ಗಜ ಮರದೊಳಗೆ ನಾಲ್ಕು ಬೆರಳಿನಷ್ಟು ಆಳ ಹೊಕ್ಕಿತ್ತಂತೆ. ಮರಕ್ಕೂ ಅವರ ಅಂಗಳಕ್ಕೂ ನಡುವೆ ಬಟ್ಟೆ ಒಣಗಿಸುವ ಹಗ್ಗ ಇತ್ತು, ಪಕ್ಕದ ಮನೆಯ ಹೆಂಗಸು ಆಗಷ್ಟೇ ಬಟ್ಟೆ ತೆಗೆದುಕೊಂಡು ಒಳಗೆ ಹೋಗಿದ್ದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಬಸ್ಸಿನಲ್ಲಿ ನೇತ್ರಾವತಿ ಸೇತುವೆ ದಾಟುವಾಗ ಆ ಹಗ್ಗ ಕಣ್ಣಿಗೆ ಬಂತು, ಬಟ್ಟೆ ಇಲ್ಲದ ಬರೀ ಹಗ್ಗ. ಮರುದಿನ ಧಣಿಗಳನ್ನು ಕೇಳಿದೆ, ಈ ಕಾಗದವನ್ನು ಕನ್ನಡ ಮಾಡಿ ಕೊಡೋಣ ಎಂದು.

ಧಣಿಗಳು ತುಂಬಾ ಹೊತ್ತು ಯೋಚಿಸಿ ಒಪ್ಪಿದರು. ಒಂದೇ ಹಾಳೆ, ಎರಡೂ ಬದಿ, ಅದಕ್ಕಿಂತ ಹೆಚ್ಚು ಬೇಡ ಎಂದರು. ನಾನು ಓದಿದ್ದು ಹತ್ತನೆಯವರೆಗೆ. ಹನ್ನೆರಡು ಸಂಜೆ ಕೂತು ಬರೆದೆ. ಇಂಗ್ಲಿಷಿನಲ್ಲಿ ಯಾವುದು ಮೊದಲೋ ಅದೇ ಮೊದಲು, ಯಾವುದು ಆಮೇಲೋ ಅದೇ ಆಮೇಲೆ. ಎದುರಿನ ಬದಿಯಲ್ಲಿ ತುಂಬುವ ಕ್ರಮ, ಆರು ಹಂತ, ಆರು ಚಿತ್ರ. ಹಿಂದಿನ ಬದಿಯಲ್ಲಿ ಎಚ್ಚರಿಕೆಗಳು. ಅದರಲ್ಲಿ ಮೊದಲನೆಯದು, ಮದ್ದು ಹಾಕುವ ಮುಂಚೆ ಗಜ ಇಳಿಸಿ ನಳಿಗೆ ಖಾಲಿ ಇದೆಯೇ ಎಂದು ನೋಡಿರಿ. ಎರಡನೆಯದು, ಕೇಪು ಸಿಡಿದರೂ ಕೋವಿ ಹಾರದಿದ್ದರೆ ಬಾಯಿಯನ್ನು ಜನರಿಲ್ಲದ ಕಡೆಗೆ ಹಿಡಿದು ಕಾಯಿರಿ. ಮೂರನೆಯದು, ಬಾಯಿಯ ಎದುರು ಮುಖ ತರಬೇಡಿರಿ. ಹೀಗೆ ಏಳು. ನನ್ನ ಸ್ವಂತ ಬುದ್ಧಿಯಿಂದ ಸೇರಿಸಿದ್ದು ಒಂದೇ ಸಾಲು. ಎದುರಿನ ಬದಿಯ ಕೆಳಗೆ, ದಪ್ಪ ಅಕ್ಷರದಲ್ಲಿ: ಈ ಕಾಗದವನ್ನು ಕೋವಿ ಇಡುವ ಸ್ಥಳದಲ್ಲಿ ಅಂಟಿಸಿರಿ.

ಡ್ರಾಯರಿನಲ್ಲಿ ಬಿದ್ದು ಹೋಗದಿರಲಿ ಎಂದು ಹಾಗೆ ಬರೆದೆ. ಒಂಬತ್ತು ವರ್ಷದಲ್ಲಿ ನಲವತ್ತಮೂರು ಮನೆಗಳಿಗೆ ಕೊಟ್ಟೆ. ಕೊಟ್ಟವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದುಕೊಂಡೆ. ಕಾಗದದಲ್ಲಿ ನನ್ನ ಹೆಸರು ಇರಲಿಲ್ಲ. ಆದರೂ ಅದನ್ನು ಗಿರಾಕಿಯ ಕೈಗೆ ಕೊಡುವಾಗ ಬೇರೆಯದೇ ಒಂದು ಗತ್ತು ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ.

ನಾನು ನಿವೃತ್ತನಾಗುವ ಮುಂಚಿನ ಚುನಾವಣೆ. ಪೊರ್ಬುಗಳು ತೀರಿಹೋಗಿ ವರ್ಷಗಳಾಗಿದ್ದವು, ಗಜ ಇಳಿಸುವ ಕೆಲಸ ಪೂರ್ತಿ ನನ್ನದೇ. ಕೋವಿ ಒಪ್ಪಿಸುವ ಕೊನೆಯ ದಿನ ಬೆಳಿಗ್ಗೆ ನೀರುಮಾರ್ಗದ ದೂಮಣ್ಣ ಬಂದರು. ಹೊಲ ಮಾರಿ ಈಗ ಟೆಂಪೊ ಓಡಿಸುವ, ತಮಾಷೆಯ ಮನುಷ್ಯ. ಅವರ ಕೋವಿಗೆ ಗಜ ಇಳಿಸಿದೆ. ದಬ್.

ತುಂಬಿದ ಕೋವಿಯನ್ನು ಬಸ್ಸಿನಲ್ಲಿ ತಂದಿದ್ದೀರಿ ಎಂದೆ. ಅವರು ನಂಬಲಿಲ್ಲ. ಹೋದ ಮಳೆಗಾಲದಲ್ಲಿ ತುಂಬಿಸಿದ್ದು ನೆನಪಾದಾಗ ಬೆವರಿದರು. ನಾನು ಗದರಿಸಿದೆ. ಕಾಗದ ಕೊಟ್ಟಿದ್ದೆನಲ್ಲ, ಓದಲಿಲ್ಲವಾ ಎಂದೆ. ಅವರಿಗೆ ಸಿಟ್ಟು ಬಂತು. ಆರು ಹಂತಗಳನ್ನು ಶಾಲೆಯ ಮಗ್ಗಿಯ ಹಾಗೆ ಒಂದೂ ತಪ್ಪದೆ ಹೇಳಿದರು. ಸಾಲದ್ದಕ್ಕೆ ಮೊಬೈಲು ತೆಗೆದು ಒಂದು ಫೋಟೊ ತೋರಿಸಿದರು. ಹೊಸ ಕಪಾಟಿನ ಫೋಟೊ, ಬಾಗಿಲು ತೆರೆದಿತ್ತು, ಬಾಗಿಲಿನ ಒಳಬದಿಯಲ್ಲಿ ನನ್ನ ಕಾಗದ, ನಾಲ್ಕೂ ಅಂಚಿಗೆ ಫೆವಿಕಾಲ್ ಹಾಕಿ ನೀಟಾಗಿ ಅಂಟಿಸಿದ್ದು.

"ನೀವು ಹೇಳಿದ ಹಾಗೇ ಮಾಡಿದ್ದೇನೆ ಮೋನಾಕ. ನೋಡಿ."

"ಹಿಂದೆ ಓದಿದ್ರಾ?" ಎಂದೆ.

"ಹಿಂದೆ ಎಂತ? ಹಿಂದೆ ಕಪಾಟು."

ಅವರು ತಮಾಷೆಗೆ ಹೇಳಿದ್ದಲ್ಲ. ಫೋಟೊ ನನ್ನ ಕೈಯಲ್ಲೇ ಇತ್ತು. ಅದನ್ನು ದೊಡ್ಡದು ಮಾಡಿ ನೋಡಿದೆ. ಕೆಳಗೆ ನನ್ನ ದಪ್ಪ ಅಕ್ಷರದ ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು.

ಅಂಟಿಸಿರಿ ಎಂದಿದ್ದೆ, ಅಂಟಿಸಿದ್ದರು. ತುಂಬುವುದು ಹೇಗೆ ಎನ್ನುವುದು ಬಾಗಿಲ ಮೇಲೆ ಉಳಿಯಿತು. ತುಂಬುವ ಮೊದಲು ಏನು ನೋಡಬೇಕು ಎನ್ನುವುದು ಮರದ ಕಡೆಗೆ ಹೋಯಿತು. ಹೇಳಿದ ಮಾತು ಕೇಳದವರು, ಕಾಗದವನ್ನು ಡ್ರಾಯರಿಗೆ ಬಿಸಾಡಿದವರು ಎಂದಾದರೂ ತಿರುಗಿಸಿ ನೋಡಿರಬಹುದು. ಕೇಳಿದವರಿಗೆ ಅದು ಆಗಲಿಲ್ಲ.

ದೂಮಣ್ಣರನ್ನು ಕೂರಿಸಿ ರಿಜಿಸ್ಟರು ತೆಗೆದೆ. ನಲವತ್ತಮೂರು ಹೆಸರುಗಳನ್ನು ಮಾಳಿಗೆಯ ಚೀಟಿಗಳ ಜೊತೆ ಒಂದೊಂದಾಗಿ ತಾಳೆ ನೋಡಿದೆ. ನಲವತ್ತೆರಡು ಕೋವಿಗಳು ನಮ್ಮಲ್ಲೇ ಇದ್ದವು, ಎಲ್ಲಕ್ಕೂ ನಾನೇ ಗಜ ಇಳಿಸಿದ್ದೆ. ಒಂದು ಮಾತ್ರ ಇರಲಿಲ್ಲ. ವಾಮಂಜೂರಿನ ಆಚೆಯ ಐತಪ್ಪಣ್ಣ. ಬೆಳೆ ರಕ್ಷಣೆಗೆ ಬೇಕು ಎಂದು ಅರ್ಜಿ ಹಾಕಿ ವಿನಾಯಿತಿ ಪಡೆದಿದ್ದರು, ಕೋವಿ ಅವರ ಮನೆಯಲ್ಲೇ ಇತ್ತು. ಐತಪ್ಪಣ್ಣ ಎಪ್ಪತ್ತು ದಾಟಿದವರು, ಬಸ್ ಕಂಡಕ್ಟರಾಗಿ ನಿವೃತ್ತರು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ. ಆ ಗುಣ ನೆನಪಾಗಿಯೇ ರಿಜಿಸ್ಟರಿನಲ್ಲಿ ಅವರ ನಂಬರು ಹುಡುಕಿದೆ.

ಫೋನು ಮಾಡಿದೆ. ಹೆಂಗಸಿನ ಸ್ವರ. ಸೊಸೆ ಸುಮತಿ. ಅವರ ಗಂಡ ಮಸ್ಕತ್‌ನಲ್ಲಿದ್ದರು, ಮನೆಯಲ್ಲಿ ಮಾವ ಸೊಸೆ ಇಬ್ಬರೇ. ಮಾವ ಎಲ್ಲಿ ಎಂದು ಕೇಳಿದೆ. ಮೊಬೈಲು ಇಲ್ಲೇ ಬಿಟ್ಟು ತೋಟಕ್ಕೆ ಹೋಗಿದ್ದಾರೆ, ತೆಂಗಿನ ಬೊಂಡಕ್ಕೆ ಮಂಗ ಬಂದಿದೆ ಎಂದರು.

"ಬರೀ ಕೈಯಲ್ಲಿ ಹೋದದ್ದಾ?"

"ಇಲ್ಲ, ಕೋವಿ ಹಿಡ್ಕೊಂಡು. ಶಬ್ದ ಮಾಡ್ಲಿಕ್ಕೆ. ಈಗ ತುಂಬಿಸ್ತಾ ಇದ್ರು, ಕಪಾಟಿನ ಎದುರು ನಿಂತು, ಕಾಗದ ನೋಡಿ ನೋಡಿ."

ತುಂಬಿಸುವ ಮೊದಲು ಗಜ ಇಳಿಸಿ ನೋಡಿದರಾ ಎಂದು ಕೇಳಿದೆ. ಅದೆಲ್ಲ ನನಗೆ ಗೊತ್ತಿಲ್ಲ ಎಂದರು. ಕೋವಿಯನ್ನು ಹಿಂದೆ ಯಾವಾಗ ಬಳಸಿದ್ದು ಎಂದು ಕೇಳಿದೆ. ನಿಮ್ಮಲ್ಲಿ ರಿಪೇರಿ ಮಾಡಿಸಿ ತಂದ ಮೇಲೆ ಅವರ ಕಣ್ಣಿನ ಆಪರೇಷನ್ ಆಯಿತು, ಆಮೇಲೆ ಮುಟ್ಟಲಿಲ್ಲ, ಎರಡು ವರ್ಷ ಆಯಿತು ಎಂದರು. ಹಾಗಾದರೆ ಖಾಲಿಯೇ ಇರಬೇಕು ಎಂದುಕೊಂಡೆ. ಸ್ವಲ್ಪ ಸಮಾಧಾನವಾಯಿತು. ಆ ಸಮಾಧಾನದ ಮೇಲೆ ಫೋನು ಇಟ್ಟಿದ್ದರೆ ಇದನ್ನು ಹೀಗೆ ಬರೆಯುತ್ತಿರಲಿಲ್ಲ.

ಸುಮತಿಗೆ ಹೇಳಿದೆ, ಫೋನು ಕಟ್ ಮಾಡಬೇಡಿ, ಅಲ್ಲೇ ಇಡಿ. ಮಾವನನ್ನು ದೂರದಿಂದ ಹಿಂಬದಿಯಿಂದ ಕರೆಯಿರಿ, ಅವರ ಎದುರಿಗೆ ಮಾತ್ರ ಹೋಗಬೇಡಿ. ಅವರು ಏನೂ ಕೇಳದೆ ಹೋದರು.

ಫೋನನ್ನು ಕಿವಿಗೆ ಒತ್ತಿ ನಿಂತೆ. ನನ್ನ ಎದುರು ಹಂಪನಕಟ್ಟೆಯ ಬಸ್ಸುಗಳು ಹಾರನ್ ಹಾಕುತ್ತಿದ್ದವು. ಕಿವಿಯೊಳಗೆ ಬೇರೆ ಒಂದು ಮನೆ. ಕುಕ್ಕರು ಒಂದು ಸಲ ಕೂಗಿತು. ಟಿವಿಯಲ್ಲಿ ಯಾರೋ ಅಳುತ್ತಿದ್ದರು. ಕೋಳಿಯೊಂದು ಫೋನಿನ ಹತ್ತಿರವೇ ಬಂದು ಕುಕ್ಕಿದಂತೆ ಕೇಳಿತು. ಅದರಾಚೆ ಎಲ್ಲೋ ಸುಮತಿ ಮಾವ ಎಂದು ಕರೆಯುವುದು, ಮತ್ತೆ ಇನ್ನೂ ದೂರದಿಂದ ಕರೆಯುವುದು. ಆಮೇಲೆ ಕರೆಯುವುದು ನಿಂತಿತು. ನಾನು ಕೋವಿಯ ಶಬ್ದಕ್ಕೆ ಕಾಯುತ್ತಿದ್ದೆ. ಒಂದು ತುಂಬು, ಅಂದರೆ ಒಂದು ಸಲ ತುಂಬಿಸಿದ ಮದ್ದು, ಹಾರಿದರೆ ಯಾವ ಶಬ್ದ, ಎರಡು ತುಂಬು ಹಾರಿದರೆ ಯಾವುದು, ನಳಿಗೆ ಒಡೆದರೆ ಯಾವುದು ಎಂದು ನನಗೆ ಗೊತ್ತುಂಟು. ಯಾವುದಕ್ಕೆ ಕಾಯುತ್ತಿದ್ದೇನೆ ಎಂದು ಮಾತ್ರ ಗೊತ್ತಿರಲಿಲ್ಲ.

ಕೇಳಿದ್ದು ಬೇರೆಯೇ. ಟಪ್. ಒಣಗಿದ ಕಡ್ಡಿ ಮುರಿದ ಹಾಗೆ. ಬರೀ ಕೇಪು. ಸ್ವಲ್ಪ ಬಿಟ್ಟು ಮತ್ತೊಂದು, ಟಪ್.

ಕೇಪು ಸಿಡಿದು ಕೋವಿ ಹಾರಲಿಲ್ಲ ಎಂದರೆ ಅಪಾಯ ಮುಗಿಯಿತು ಎಂದು ನೀವು ತಿಳಿಯಬಹುದು. ನಮ್ಮ ಕೆಲಸದಲ್ಲಿ ನಿಜವಾದ ಭಯ ಶುರುವಾಗುವುದು ಅಲ್ಲಿಂದ. ಮನುಷ್ಯನಿಗೆ ಬೇಸರ ಬರುತ್ತದೆ. ಏನಾಯಿತು ಎಂದು ನೋಡುತ್ತಾನೆ. ನೋಡಬಾರದ ಕಡೆಯಿಂದಲೇ ನೋಡುತ್ತಾನೆ.

ಹೆಜ್ಜೆ ಸಪ್ಪಳ ಹತ್ತಿರ ಬಂತು. ಯಾರೋ ಫೋನು ಎತ್ತಿದರು. ಏದುಸಿರು. ಅದರ ಜೊತೆ ಮೆಟ್ಟಿಲಿನ ಕಲ್ಲಿನ ಮೇಲೆ ಮರ ಊರಿದ ಶಬ್ದ. ಕೋವಿಯ ಹಿಡಿ ಅದು, ನನಗೆ ಸಂಶಯ ಇರಲಿಲ್ಲ.

"ಎಂತ ಮೋನಾಕ, ನಿಮ್ಮ ಕೋವಿ ಮೂಗ ಆಗಿದೆ," ಎಂದರು ಐತಪ್ಪಣ್ಣ. "ಮಂಗ ನನ್ನ ನೋಡಿ ನಗಾಡ್ತಾ ಉಂಟು."

"ಕೋವಿ ಎಲ್ಲಿ ಉಂಟು?"

"ಇಲ್ಲೇ. ಕೈಯಲ್ಲಿ."

"ಮೂತಿಯಲ್ಲಿ ಕೇಪು ಉಂಟಾ?"

"ಮೂರನೆಯದ್ದು ಈಗಷ್ಟೇ ಸಿಕ್ಕಿಸಿದೆ."

"ಬಾಯಿ ಯಾವ ಕಡೆ ಉಂಟು ಐತಪ್ಪಣ್ಣ?"

ಟಿವಿಯಲ್ಲಿ ಅಳು ನಿಂತು ಜಾಹೀರಾತು ಶುರುವಾಗಿತ್ತು. ಆಮೇಲೆ ತೀರಾ ಸಣ್ಣ ಸ್ವರದಲ್ಲಿ, ಪಕ್ಕದಲ್ಲಿ ಯಾರಿಗೂ ಕೇಳಬಾರದು ಎನ್ನುವ ಹಾಗೆ ಹೇಳಿದರು.

"ನನ್ನ ಕಡೆ."

ಅವರು ಮೆಟ್ಟಿಲಲ್ಲಿ ಕೂತು, ಕೋವಿಯನ್ನು ಕಾಲುಗಳ ನಡುವೆ ನಿಲ್ಲಿಸಿ, ಅದರ ಬಾಯಿಯ ಮೇಲೆ ಗಲ್ಲ ಊರಿ ನನ್ನ ಜೊತೆ ಮಾತಾಡುತ್ತಿದ್ದರು. ಇದನ್ನು ಆಮೇಲೆ ಸುಮತಿ ಹೇಳಿದರು.

ನಾನು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಬರೆಯುತ್ತೇನೆ. ಗಲ್ಲ ತೆಗೆಯಿರಿ. ಕುದುರೆಯನ್ನು ಮುಟ್ಟಬೇಡಿ. ಫೋನು ಸುಮತಿಗೆ ಕೊಡಿ. ಎರಡೂ ಕೈಯಲ್ಲಿ ಕೋವಿ ಹಿಡಿದು ಬಾಯಿಯನ್ನು ಕಂಪೌಂಡಿನ ಕೆಂಪು ಕಲ್ಲಿನ ಕಡೆಗೆ ಮಾಡಿ. ನೆಲದಲ್ಲಿ ಮಲಗಿಸಿ. ಹಿಂಬದಿಯಿಂದಲೇ ಸರಿದು ಬನ್ನಿ. ಬಾಗಿಲು ಹಾಕಿ. ನಾನು ಬರುವವರೆಗೆ ತೆರೆಯಬೇಡಿ. ಅವರು ಒಂದೊಂದನ್ನೂ ಮಾಡಿ, ಆಯಿತು, ಆಯಿತು ಎಂದು ಸೊಸೆಯ ಬಾಯಿಯಲ್ಲಿ ಹೇಳಿಸಿದರು. ಮೊದಲೇ ಬರೆದೆನಲ್ಲ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ.

ರಿಕ್ಷಾ ಹಿಡಿದು ಹೋದೆ. ಕೋವಿ ಅಂಗಳದಲ್ಲಿ ಮಲಗಿತ್ತು, ಕೋಳಿಗಳು ಅದರ ಸುತ್ತ ಮೇಯುತ್ತಿದ್ದವು. ಹಿಂಬದಿಯಿಂದ ಹೋಗಿ ಕೂತು ಕೇಪು ತೆಗೆದೆ, ಮೂತಿಗೆ ನೀರು ಹಾಕಿದೆ, ಕಾದೆ. ಆಮೇಲೆ ಗಜ ಇಳಿಸಿದೆ. ಅದು ನಾನು ಎಣಿಸಿದ್ದಕ್ಕಿಂತ ತುಂಬಾ ಮೇಲೆ ನಿಂತಿತು. ಉಗುರು ಗುರುತು ಹಿಡಿದು ನಳಿಗೆಯ ಪಕ್ಕ ಇಟ್ಟು ನೋಡಿದೆ. ಒಂದು ತುಂಬಿನ ಅಳತೆ ಅಲ್ಲ. ಒಂದರ ಮೇಲೆ ಒಂದು, ಎರಡು.

ನಾನು ಒಂದೇ ತುಂಬಿಸಿದ್ದು ಎಂದರು ಐತಪ್ಪಣ್ಣ. ಸುಮತಿ ಮಸ್ಕತ್ತಿಗೆ ಫೋನು ಮಾಡಿ ಗಂಡನನ್ನು ಕೇಳಿದರು. ಆತ ಕೋವಿಯನ್ನು ಕೈಯಲ್ಲಿ ಮುಟ್ಟಿದವನೇ ಅಲ್ಲ. ಮನೆಗೆ ಬೇರೆ ಯಾರೂ ಬಂದಿರಲಿಲ್ಲ. ಕೋವಿ ಎರಡು ವರ್ಷ ಬೀಗ ಹಾಕಿದ ಕಪಾಟಿನಲ್ಲಿತ್ತು, ಕೀಲಿಕೈ ಐತಪ್ಪಣ್ಣನ ಉಡಿದಾರದಲ್ಲಿತ್ತು. ಮೂವರೂ ಸ್ವಲ್ಪ ಹೊತ್ತು ಆ ಕಪಾಟನ್ನೇ ನೋಡಿದೆವು. ಸುಮತಿ ಸೆರಗು ಹೊದ್ದುಕೊಂಡರು. ಬೀಗದೊಳಗೆ ತಾನಾಗಿಯೇ ತುಂಬಿಕೊಂಡಿತಾ ಅದು ಎಂದು ಕೇಳಿದರು. ನಗಲಿಕ್ಕೆ ಕೇಳಿದ್ದಲ್ಲ.

ಕಪಾಟಿನ ಬಾಗಿಲಲ್ಲಿ ನನ್ನ ಕಾಗದ ಇತ್ತು. ಒದ್ದೆ ಬಟ್ಟೆ ಒತ್ತಿ ಹಿಡಿದು, ಮೂಲೆಯಿಂದ ನಿಧಾನವಾಗಿ ಬಿಡಿಸಿದೆ. ಹಿಂದಿನ ಅಕ್ಷರಗಳು ಅಲ್ಲಲ್ಲಿ ಮರಕ್ಕೇ ಹಿಡಿದುಕೊಂಡಿದ್ದವು, ಮರದಲ್ಲಿ ತಿರುಗುಮುರುಗಾಗಿ ಕಾಣುತ್ತಿದ್ದವು. ಐತಪ್ಪಣ್ಣ ಕನ್ನಡಕ ಹಾಕಿಕೊಂಡು, ಪ್ರತಿ ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಕಾಗದದಲ್ಲಿ ಅಳಿಸಿದಲ್ಲಿ ಬಾಗಿಲನ್ನು ನೋಡಿದರು. ಮೂರನೆಯ ಸಾಲಿಗೆ ಬಂದಾಗ ಬೆರಳು ನಿಂತಿತು. ಅವರ ಇನ್ನೊಂದು ಕೈ ಗಲ್ಲಕ್ಕೆ ಹೋಯಿತು, ಅದು ಹೋದದ್ದು ಅವರಿಗೆ ತಿಳಿದಿತ್ತೋ ಇಲ್ಲವೋ. ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವರು ಓದಿ ಮುಗ್ಸುವ ಎಂದರು.

ಈಗ ನಿಮ್ಮ ಮೇಜಿನಲ್ಲಿರುವ ಸೂಚನೆ ಕಾಗದಕ್ಕೆ ಒಂದೇ ಬದಿ ಇರುವುದು ಆ ದಿನದಿಂದ. ಹಿಂಬದಿ ಬೋಳು. ಗಜ ಇಳಿಸುವ ಸಾಲು ಎಲ್ಲಕ್ಕಿಂತ ಮೇಲೆ ಇರುವುದೂ ಆ ದಿನದಿಂದ. ಅದನ್ನು ಯಾವತ್ತೂ ಬದಲಾಯಿಸಬೇಡಿ. ಕೋವಿಗಳನ್ನು ಹಿಂದಕ್ಕೆ ಕೊಡುವಾಗ ನಲವತ್ತೆರಡು ಮಂದಿಗೂ ಹೊಸ ಕಾಗದವನ್ನು ಎದುರಿಗೆ ಕೂರಿಸಿ ಓದಿಸಿದೆ. ಕೆಲವರು ಗೊಣಗಿದರು.

ಆದರೆ ಅದು ಆಮೇಲಿನ ಮಾತು. ಅದೇ ಮಧ್ಯಾಹ್ನ ಕೋವಿಯನ್ನು ಅಂಗಡಿಗೆ ತಂದೆ. ಐತಪ್ಪಣ್ಣ ನಾನೂ ಬರುತ್ತೇನೆ ಎಂದು ಹಠ ಹಿಡಿದು ಬಂದರು. ಕೆಳಗಿನದನ್ನು ಯಾರು ತುಂಬಿಸಿದ್ದು ಎಂದು ತಿಳಿಯದೆ ಆ ಕಪಾಟಿನ ಪಕ್ಕ ಮಲಗುವುದಿಲ್ಲ ಎಂದರು. ಗಜದ ತುದಿಗೆ ಸುರುಳಿ ಕೊಕ್ಕೆ ಸಿಕ್ಕಿಸಿ ಒಳಗಿನದ್ದನ್ನು ಎಳೆಯತೊಡಗಿದೆ. ಮೊದಲು ತೆಂಗಿನ ನಾರು ಬಂತು, ಹೊಸದು, ಇನ್ನೂ ಕೆಂಪಗೆ. ಇದು ನನ್ನದು ಎಂದರು. ಅದರ ಕೆಳಗೆ ಅವರ ಮದ್ದು. ಮತ್ತೆ ಕೊಕ್ಕೆ ಇಳಿಸಿ ತಿರುಗಿಸಿದೆ. ಗಟ್ಟಿಯಾಗಿ ಹಿಡಿದಿತ್ತು. ಸುಮಾರು ಹೊತ್ತು ಎಳೆದ ಮೇಲೆ ಬಂತು.

ಅದು ನಾರಲ್ಲ. ಬೂದು ಬಣ್ಣದ, ಫೆಲ್ಟ್ ಎನ್ನುವ ಒತ್ತಿದ ಉಣ್ಣೆ ಬಟ್ಟೆಯ ಬಿಲ್ಲೆ, ನಾಣ್ಯದ ಹಾಗೆ ಗುಂಡಗೆ ಕತ್ತರಿಸಿದ್ದು. ಅದರ ಕೆಳಗೆ ಚರೆ, ಚರೆಯ ಕೆಳಗೆ ಅಂಥದ್ದೇ ಇನ್ನೊಂದು ಬಿಲ್ಲೆ, ಅದರ ಕೆಳಗೆ ತೇವ ಹಿಡಿದು ಗಂಟಾದ ಮದ್ದು. ಆ ಗಂಟು ಮೂತಿಯ ತೂತನ್ನು ಮುಚ್ಚಿತ್ತು. ಎರಡು ಸಲ ಕಿಡಿಯನ್ನು ತಡೆದದ್ದು ಅದೇ.

ಈ ಊರಿನಲ್ಲಿ ಯಾವ ಮನೆಯವರೂ ಫೆಲ್ಟ್ ಹಾಕುವುದಿಲ್ಲ. ನಾರು ಹಾಕುತ್ತಾರೆ, ಇಲ್ಲದಿದ್ದರೆ ಪೇಪರು. ಫೆಲ್ಟ್ ಬಿಲ್ಲೆಗಳನ್ನು ನಾನು ಕತ್ತರಿಸುತ್ತಿದ್ದೆ, ರಿಪೇರಿಯಾದ ಕೋವಿಗಳನ್ನು ಕಲ್ಲು ಕೋರೆಗೆ ಕೊಂಡುಹೋಗಿ ಹಾರಿಸಿ ನೋಡಲು. ಎದ್ದು ಹೋಗಿ ಎರಡು ವರ್ಷದ ಹಿಂದಿನ ರಿಪೇರಿ ಪುಸ್ತಕ ತೆಗೆದೆ. ಐತಪ್ಪಣ್ಣನ ಕೋವಿ, ಹೊಸ ಮೂತಿ ಹಾಕಿದ್ದು, ಪರೀಕ್ಷೆ ಆಗಿದೆ ಎಂದು ನನ್ನ ಅಕ್ಷರ, ನನ್ನ ಟಿಕ್ಕು. ಅದೇ ದಿನ ಇನ್ನೆರಡು ಕೋವಿಗಳನ್ನೂ ಕೋರೆಗೆ ಕೊಂಡುಹೋದದ್ದು ಬರೆದಿತ್ತು. ಮೂರನ್ನೂ ತುಂಬಿಸಿ ಎರಡನ್ನು ಹಾರಿಸಿದೆನೇ, ಮಳೆ ಬಂತೇ, ಯಾರಾದರೂ ಕರೆದರೇ, ನನಗೆ ನೆನಪಿಲ್ಲ. ಎಷ್ಟು ಯೋಚಿಸಿದರೂ ಆ ದಿನ ತಲೆಯಲ್ಲಿ ಇಲ್ಲ. ನೆನಪಿಲ್ಲದ್ದನ್ನು ನೆನಪಿದೆ ಎಂದು ಬರೆಯಲಾರೆ. ಇಷ್ಟು ಗೊತ್ತು. ಅಂಗಡಿಯೊಳಗೆ ಬರುವ ಪ್ರತಿ ಕೋವಿಗೂ ಗಜ ಇಳಿಸುತ್ತಿದ್ದೆ. ಹೊರಗೆ ಹೋಗುವ ಕೋವಿಗೆ ಒಮ್ಮೆಯೂ ಇಳಿಸಿರಲಿಲ್ಲ. ಅದು ನನ್ನ ಕೈಯಿಂದಲೇ ಹೋಗುವುದಲ್ಲವಾ, ಇನ್ನೇನು ನೋಡುವುದು ಎನ್ನುವ ಧೈರ್ಯ.

ಪುಸ್ತಕ ಮುಚ್ಚಿ ಬಂದು ಐತಪ್ಪಣ್ಣನ ಎದುರು ಕೂತೆ. ಕೆಳಗಿನದು ನನ್ನದು ಎಂದು ಹೇಳಿದೆ. ಹೇಗೆ ಎನ್ನುವುದನ್ನೂ ಹೇಳಿದೆ.

ಅವರು ಬೈಯಲಿಲ್ಲ. ಬಿಲ್ಲೆಯನ್ನು ಎತ್ತಿ ಬೆರಳ ನಡುವೆ ತಿರುಗಿಸಿ ನೋಡಿದರು. ಅಂಗಿಯ ಜೇಬಿನಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿ ಇಟ್ಟರು, ಹಿಂಬದಿ ಮೇಲೆ ಮಾಡಿ. ಅದು ಇನ್ನೂ ಒದ್ದೆಯಾಗಿತ್ತು.

"ಇದು ಬರ್ದದ್ದು ನೀವೇ ಅಲ್ವಾ ಮೋನಾಕ?"

ಹೌದು ಎಂದೆ.

"ನೀವು ಓದಿದ್ರಾ?"

"ಬರ್ದಿದ್ದೇನೆ," ಎಂದೆ.

ಅವರು ಕೇಳಿದ್ದು ಅದಲ್ಲ.